ಇನ್ನೊಬ್ಬರ ಹೊಲ, ಎಲ್ಲರ ದಾರಿ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಈಡೇಲ್ ಊರಿನಿಂದ ಅರ್ಧ ಗಂಟೆ ನಡೆದರೆ ಅಪ್ಪರ್ ಬೂತ್. ಅಲ್ಲಿ ಕಾಲುದಾರಿ ರೈತರೊಬ್ಬರ ಅಂಗಳದೊಳಗೇ ಹಾದುಹೋಗುತ್ತದೆ. ಶನಿವಾರ ಬೆಳಗಿನ ರೈಲು ಹಿಡಿದು ಮ್ಯಾಂಚೆಸ್ಟರಿನಿಂದ ಬಂದಿದ್ದ ನಮ್ಮ ನಾಲ್ವರಲ್ಲಿ ಹಾಸನದ ಗೆಳೆಯ ಗೇಟಿನ ಹತ್ತಿರವೇ ನಿಂತುಬಿಟ್ಟ. "ಯಾರದೋ ಮನೆ ಕಣೋ, ಕೇಳದೆ ಹೋಗೋದಾ?"

ಕೇಳಬೇಕಾಗಿಲ್ಲ. ನೆಲ ರೈತರದೇ, ನಡೆಯುವ ಹಕ್ಕು ಎಲ್ಲರದು. ಆರ್ಡ್‌ನೆನ್ಸ್ ಸರ್ವೆಯ ನಕ್ಷೆಯಲ್ಲಿ ಹಸಿರು ತುಂಡುಗೆರೆಯಾಗಿ ಕಾಣುವ ಇಂಥ ದಾರಿಗಳು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮಾರು 2,25,000 ಕಿ.ಮೀ. ಇವೆ. ಹೊಲದ ನಡುವಿನ ದಾರಿಯನ್ನು ಉತ್ತರೆ ಮಾಲೀಕರೇ ಮತ್ತೆ ಮಾಡಿಕೊಡಬೇಕು. ನಡೆಯುವವರು ತಾವು ತೆರೆದ ಗೇಟು ಮುಚ್ಚಬೇಕು, ಕುರಿಗಳ ಬಳಿ ನಾಯಿ ಬಿಡಬಾರದು. ಟ್ರ್ಯಾಕ್ಟರ್ ಪಕ್ಕ ನಿಂತಿದ್ದ ಹೆಂಗಸು ನಮ್ಮತ್ತ ಕೈಯೆತ್ತಿ, ತಮ್ಮ ಕೆಲಸಕ್ಕೆ ತಿರುಗಿದರು.

ಮೇಲಿನ ಗುಡ್ಡ ಇಷ್ಟು ಸುಲಭವಾಗಿ ದಕ್ಕಲಿಲ್ಲ. ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲು ಹತ್ತಿದರೆ ಕಿಂಡರ್ ಸ್ಕೌಟ್: 636 ಮೀಟರ್ ಎತ್ತರದಲ್ಲಿ ಹರಡಿದ ಕಪ್ಪು ಜೌಗುನೆಲ. ಒಂದು ಕಾಲಕ್ಕೆ ಸಿರಿವಂತರ ಗ್ರೌಸ್ ಹಕ್ಕಿ ಬೇಟೆಗಾಗಿ ಇದಕ್ಕೆ ಕಾವಲಿತ್ತು. ಒಂದು ಮಗ್ಗುಲಿಗೆ ಮ್ಯಾಂಚೆಸ್ಟರ್, ಇನ್ನೊಂದಕ್ಕೆ ಶೆಫೀಲ್ಡ್. ವಾರವಿಡೀ ಕಾರ್ಖಾನೆಯ ಹೊಗೆಯಲ್ಲಿ ದುಡಿದವರಿಗೆ ಗುಡ್ಡ ಕಣ್ಣೆದುರಿಗಿತ್ತು, ಹತ್ತುವಂತಿರಲಿಲ್ಲ.

1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳತ್ವದಲ್ಲಿ ನೂರಾರು ಜನ ಹೇಫೀಲ್ಡ್ ಕಡೆಯಿಂದ ಹತ್ತಿಯೇಬಿಟ್ಟರು. ಕಾವಲುಗಾರರ ಜೊತೆ ತಳ್ಳಾಟವಾಯಿತು. ಇನ್ನೊಬ್ಬರ ನೆಲಕ್ಕೆ ಕಾಲಿಟ್ಟ ಮಾತ್ರಕ್ಕೆ ಜೈಲಿಗೆ ಹಾಕಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ಗಲಭೆಯಂಥ ಆರೋಪ ಹೊರಿಸಿ ಐವರನ್ನು ಒಳಗೆ ಹಾಕಿದರು. ರಾತ್‌ಮನ್‌ಗೆ ನಾಲ್ಕು ತಿಂಗಳು. ಆ ಶಿಕ್ಷೆ ಕೇಳಿ, ಅಲ್ಲಿಯವರೆಗೆ ದೂರ ನಿಂತಿದ್ದವರೂ ಸಿಟ್ಟಿಗೆದ್ದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು; 1951ರಲ್ಲಿ ಇದೇ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಗುರುತಿಸಿದ ಗುಡ್ಡಬಯಲುಗಳಲ್ಲಿ ದಾರಿ ಬಿಟ್ಟೂ ಅಲೆಯುವ ಹಕ್ಕನ್ನು ಕೊಟ್ಟದ್ದು 2000ದ ಕಾಯ್ದೆ. ಆ ಹುಡುಗರ ಹಟವನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಈಡೇಲ್‌ನಿಂದ ಸ್ಕಾಟ್ಲೆಂಡಿನವರೆಗೆ ಹೋಗುವ ಪೆನೈನ್ ವೇ ಎಂಬ ಕಾಲುದಾರಿಯೂ ಇದೇ ಗುಡ್ಡದ ಮೇಲಿದೆ. ಅದರ ಜೌಗಿನ ಜಾಗಗಳಲ್ಲಿ ಹಾಸಿರುವ ಚಪ್ಪಡಿಗಳಲ್ಲಿ ಎಷ್ಟೋ, ಕೆಡವಿದ ಹತ್ತಿಗಿರಣಿಗಳ ನೆಲದಿಂದ ಬಂದವು. ಕಿಂಡರ್ ಡೌನ್‌ಫಾಲ್ ಜಲಪಾತದ ಹತ್ತಿರ ಬಂಡೆಯ ಮರೆಯಲ್ಲಿ ಕೂತು ಚಪಾತಿ ಪಲ್ಯ ತಿಂದೆವು. ಎದುರುಗಾಳಿ ಜೋರಾದಾಗ ಇಲ್ಲಿ ನೀರು ಮೇಲಕ್ಕೇ ಹಾರುತ್ತದೆ.

ಭಾನುವಾರ ಮ್ಯಾಮ್ ಟಾರ್ ಹತ್ತಿದೆವು. ಅದರ ಬುಡದ ರಸ್ತೆ ಗುಡ್ಡ ಜರಿದು ಜರಿದು 1979ರಲ್ಲಿ ಮುಚ್ಚಿಹೋಗಿದೆ. ಮುರಿದ ಡಾಂಬರಿನ ಮೇಲೆ ಈಗ ನಡೆಯುವವರದೇ ಓಡಾಟ.

ಸ್ಟೇಷನ್ನಿನಲ್ಲಿ ಹಾಸನದವನು ನಕ್ಷೆ ಬಿಡಿಸಿಕೊಂಡು ಕೂತ. "ನಮ್ಮೂರಲ್ಲೂ ನಕಾಶೆ ಕಂಡ ದಾರಿ ಇದೆ, ಕೆರೆಗೆ ಹೋಗೋದು. ಈಗ ಯಾರದೋ ತೋಟದೊಳಗೆ ಸೇರಿಹೋಗಿದೆ" ಎಂದ. ರೈಲು ಬರುವಷ್ಟರಲ್ಲಿ ಅಣ್ಣನಿಗೆ ಫೋನು ಮಾಡಿ, ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆಯ ಪ್ರತಿ ತೆಗೆಸಲು ಹೇಳಿದ.