ಮಳೆಗಾಲಕ್ಕೆ ಬೋಟ್ ನಿಲ್ಲಿಸುವ ಮುನ್ನ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಾನಿರುವ ಮುಂಬೈನ ವರ್ಸೋವಾಕ್ಕೂ ಅದೇ, ನಮ್ಮ ಮಲ್ಪೆಗೂ ಅದೇ. ಎರಡು ತಿಂಗಳು ಸಂಪಾದನೆಯಿಲ್ಲದ ಮನೆಗೆ, ಕಡಲಿಗಿಳಿಯುವ ದಿನವೇ ಇಂಜಿನ್ ಕೈಕೊಟ್ಟರೆ ಹೇಗೆ? ಬೋಟ್ ಓಡಿಸಿದಂತೆ ನಿಲ್ಲಿಸುವುದೂ ಒಂದು ವಿದ್ಯೆ.

ಚಳಿದೇಶಗಳಲ್ಲಿ ಭಯ ಹಿಮದ್ದು. ಹೆಪ್ಪುಗಟ್ಟುವ ನೀರು ಸುಮಾರು ಶೇ 9ರಷ್ಟು ಹಿಗ್ಗಿ ಇಂಜಿನ್ ಬ್ಲಾಕನ್ನೇ ಸೀಳಬಲ್ಲದು. ನಮ್ಮಲ್ಲಿ ಶತ್ರು ಉಪ್ಪು. ಕೂಲಿಂಗ್ ಪೈಪಿನಲ್ಲಿ ಉಳಿದ ಕಡಲನೀರು ಒಳಗೊಳಗೇ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮೊದಲು ಸಿಹಿನೀರು ಹಾಯಿಸುತ್ತಾ ಇಂಜಿನ್ ಓಡಿಸಿ, ಆಮೇಲೆ ಅದನ್ನೂ ಪೂರ್ತಿ ಬಸಿದುಬಿಡಬೇಕು. ಹಳೆಯ ಆಯಿಲ್‌ನಲ್ಲಿ ಆಮ್ಲವಿರುತ್ತದೆ. ಅದನ್ನು ಬದಲಿಸಬೇಕಾದದ್ದು ನಿಲ್ಲಿಸುವ ಮುಂಚೆ, ಮತ್ತೆ ಹೊರಡುವಾಗ ಅಲ್ಲ. ಡೀಸೆಲ್ ಟ್ಯಾಂಕ್ ತುಂಬಿಸಿಡಿ; ಖಾಲಿ ಜಾಗದಲ್ಲಿ ಮಳೆಗಾಲದ ತೇವ ಹನಿಗಟ್ಟುತ್ತದೆ. ಕುಡಿಯುವ ನೀರಿನ ಟ್ಯಾಂಕನ್ನು ಮಾತ್ರ ಖಾಲಿ ಮಾಡಿ ಒಣಗಿಸಿ. ಕೂಲಿಂಗ್ ಪಂಪಿನ ರಬ್ಬರ್ ಇಂಪೆಲ್ಲರ್ ಬಿಚ್ಚಿಡಿ, ಇಲ್ಲವಾದರೆ ಅದರ ರೆಕ್ಕೆಗಳು ಬಾಗಿದಂತೆಯೇ ಉಳಿದುಬಿಡುತ್ತವೆ.

ಸಾಫ್ಟ್‌ವೇರ್‌ನವನಾಗಿ ನನ್ನದೊಂದು ಸೇರ್ಪಡೆ: ಏನೇನು ಬಿಚ್ಚಿದ್ದೀರೋ ಒಂದು ಚೀಟಿಯಲ್ಲಿ ಬರೆದು ಸ್ಟಾರ್ಟ್ ಕೀಗೆ ಕಟ್ಟಿ. ಆಗಸ್ಟ್‌ನ ಅವಸರದಲ್ಲಿ ಇಂಪೆಲ್ಲರ್ ಇಲ್ಲದೆ ಇಂಜಿನ್ ಚಾಲೂ ಮಾಡಿದರೆ, ಕಾದು ಕೆಡಲು ಹೆಚ್ಚು ಹೊತ್ತು ಬೇಡ.