ಹಸುವಿನ ಲೆಕ್ಕ ಇರುವಲ್ಲಿಗೇ ವಿಜ್ಞಾನ ಹೋಗುತ್ತದೆ

ಡೆನ್ಮಾರ್ಕಿನ ವೆಯೆನ್ ಎಂಬ ಊರಿನ ಆಸುಪಾಸಿನ ರೈತರು 1895ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಹಾಲು ಮಾರುವ ಸಂಘವಲ್ಲ, ಲೆಕ್ಕ ಇಡುವ ಸಂಘ. ಅದರ ನೌಕರ ಒಂದೊಂದೇ ಕೊಟ್ಟಿಗೆಗೆ ಹೋಗಿ ಪ್ರತಿ ಹಸುವಿನ ಹಾಲು ಅಳೆಯಬೇಕು, ಜಿಡ್ಡು ಎಷ್ಟೆಂದು ನೋಡಬೇಕು, ತಿಂದ ಮೇವಿನ ಲೆಕ್ಕವನ್ನೂ ಬರೆದುಕೊಳ್ಳಬೇಕು. ಸುಮಾರು ಹತ್ತು ವರ್ಷಗಳ ನಂತರ ಇದೇ ಪದ್ಧತಿ ಅಮೆರಿಕದ ಮಿಷಿಗನ್ ರಾಜ್ಯಕ್ಕೆ ಬಂತು, ಅಲ್ಲಿಂದ ಇಡೀ ದೇಶಕ್ಕೆ ಹರಡಿತು. ಈಚಿನ ನೂರು ವರ್ಷಗಳಲ್ಲಿ ಹೈನು ವಿಜ್ಞಾನ ಯಾವ ಪ್ರಶ್ನೆಗಳನ್ನು ಕೇಳಿತು, ಯಾವುದನ್ನು ಕೇಳದೆ ಬಿಟ್ಟಿತು ಎಂದು ತಿಳಿಯಬೇಕಾದರೆ ಈ ಲೆಕ್ಕದ ಪುಸ್ತಕಗಳಿಂದಲೇ ಶುರುಮಾಡಬೇಕು.

ಆ ಲೆಕ್ಕ ಸಾಧ್ಯವಾದದ್ದು ಇನ್ನೊಂದು ಪುಟ್ಟ ಶೋಧದಿಂದ. ಹಾಲಿಗೆ ಗಂಧಕಾಮ್ಲ ಹಾಕಿದರೆ ಜಿಡ್ಡೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕರಗುತ್ತದೆ. ಸೀಸೆಯನ್ನು ಗಿರಗಿರನೆ ತಿರುಗಿಸಿದರೆ ಜಿಡ್ಡು ಮೇಲೇರಿ ಕತ್ತಿನಲ್ಲಿ ನಿಲ್ಲುತ್ತದೆ, ಅಲ್ಲಿರುವ ಗೆರೆಗಳ ಮೇಲೆ ಪ್ರಮಾಣವನ್ನು ಓದಿಕೊಳ್ಳಬಹುದು. ವಿಸ್ಕಾನ್ಸಿನ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಇದನ್ನು ಪ್ರಕಟಿಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಬೆಣ್ಣೆ ತೆಗೆಯುವ ಘಟಕದ ಕೆಲಸಗಾರನೂ ಓದಿ ಮಾಡಿನೋಡುವಂತೆ ಕೇಂದ್ರದ ಬುಲೆಟಿನ್‌ನಲ್ಲಿ ಅಚ್ಚು ಹಾಕಿಸಿಬಿಟ್ಟರು. ಮರುವರ್ಷ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಇಂಥದೇ ವಿಧಾನ ಕಂಡುಹಿಡಿದರು. ನಮ್ಮ ಡೇರಿಗಳಿಗೆ ದಶಕಗಳ ಕಾಲ ಫ್ಯಾಟ್ ತಿಳಿಸಿದ್ದು ಈ ಗರ್ಬರ್ ಪರೀಕ್ಷೆಯೇ. ವಿಜ್ಞಾನವನ್ನು ಪ್ರಕಟಿಸುವುದೆಂದರೆ ಹೀಗಿರಬೇಕು ಎಂದು ನನಗೆ ಅನ್ನಿಸುವುದು ಬ್ಯಾಬ್‌ಕಾಕ್ ಅವರ ಆ ಬುಲೆಟಿನ್ ನೆನೆದಾಗ.

1917ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಡೇರಿ ಸೈನ್ಸ್’ ಶುರುವಾಯಿತು, 1929ರಲ್ಲಿ ಬ್ರಿಟನ್ನಿನ ‘ಜರ್ನಲ್ ಆಫ್ ಡೇರಿ ರಿಸರ್ಚ್’. ಆ ಕಾಲದ ಚಿಂತೆಯೆಲ್ಲ ಬೆಣ್ಣೆ, ಚೀಸ್, ಹಾಲು ಕೆಡಿಸುವ ಬ್ಯಾಕ್ಟೀರಿಯಾ, ಮೇವಿನ ಸುತ್ತ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಾಲ್ ಬಳಸಿ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿಡುವ ದಾರಿ ತೋರಿಸಿದ ಮೇಲೆ ಗಮನ ತಳಿಯ ಕಡೆ ಹೊರಳಿತು. ಒಂದು ಹೋರಿಯ ವೀರ್ಯದಿಂದ ಸಾವಿರಾರು ಕರು ಹುಟ್ಟಬಹುದು ಎಂದಾದಾಗ, ಯಾವ ಹೋರಿ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಹೋರಿ ಹಾಲು ಕೊಡುವುದಿಲ್ಲವಲ್ಲ. ಅದರ ಹೆಣ್ಣುಕರುಗಳು ಬೆಳೆದು, ಕರು ಹಾಕಿ, ಹಾಲು ಕರೆದ ಮೇಲೆಯೇ ಹೋರಿಯ ಬೆಲೆ ಗೊತ್ತಾಗುತ್ತಿತ್ತು. ಐದಾರು ವರ್ಷ ಕಾಯಬೇಕಿತ್ತು.

ಈ ಕಾಯುವಿಕೆಯನ್ನು ತಪ್ಪಿಸಿದ್ದು 2001ರ ಒಂದು ಪ್ರಬಂಧ. ಥಿಯೋ ಮ್ಯುವಿಸ್ಸೆನ್, ಬೆನ್ ಹೇಯ್ಸ್ ಮತ್ತು ಮೈಕ್ ಗೊಡಾರ್ಡ್ ಬರೆದದ್ದು. ಡಿಎನ್‌ಎ ಉದ್ದಕ್ಕೂ ಹರಡಿರುವ ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ, ಹಾಲಿನ ದಾಖಲೆಗಳ ಜೊತೆ ತಾಳೆ ಹಾಕಿದರೆ, ಕರು ಹುಟ್ಟಿದ ದಿನವೇ ಅದರ ಯೋಗ್ಯತೆಯನ್ನು ಅಂದಾಜು ಮಾಡಬಹುದು ಎಂದು ಅವರು ತೋರಿಸಿದರು. 2009ರಲ್ಲಿ ಅಮೆರಿಕ ಇದನ್ನು ಹಾಲ್‌ಸ್ಟೀನ್ ತಳಿಗೆ ಅಧಿಕೃತವಾಗಿ ಜಾರಿಗೆ ತಂದಿತು. ಅದೇ ವರ್ಷ ಹಸುವಿನ ಇಡೀ ಜೀನೋಮ್ ಪ್ರಕಟವಾಯಿತು. 25 ದೇಶಗಳ 300ಕ್ಕೂ ಹೆಚ್ಚು ವಿಜ್ಞಾನಿಗಳ ದುಡಿಮೆ ಅದು. ಬ್ಯಾಬ್‌ಕಾಕ್ ತಮ್ಮ ಬುಲೆಟಿನ್‌ಗೆ ಒಬ್ಬರೇ ಲೇಖಕರು.

‘ತಾಳೆ ಹಾಕಿದರೆ’ ಎಂಬ ಮಾತಿನಲ್ಲೇ ತೊಡಕು ಇರುವುದು. ತಾಳೆ ಹಾಕಲು ದಾಖಲೆ ಬೇಕು. ದಾಖಲೆ ಇದ್ದದ್ದು ಹಾಲ್‌ಸ್ಟೀನಿಗೆ, ನಮ್ಮಲ್ಲಿ ಎಚ್‌ಎಫ್ ಅನ್ನುತ್ತೇವಲ್ಲ, ಆ ಕಪ್ಪು-ಬಿಳುಪಿನ ಹಸುವಿಗೆ. ಹಾಗಾಗಿ ಸಂಶೋಧನೆ ಅದರ ಮೇಲೆ ಹೆಚ್ಚು ನಡೆಯಿತು, ಪ್ರಬಂಧಗಳು ಹೆಚ್ಚಾದವು. ಪ್ರಬಂಧ ಹೆಚ್ಚಿದ್ದಲ್ಲಿಗೆ ಹಣ, ಹಣದಿಂದ ಮತ್ತಷ್ಟು ದಾಖಲೆ. ಜೀನೋಮ್ ಓದಲು ಆರಿಸಿಕೊಂಡ ಹಸುವೂ ಹಿಯರ್‌ಫರ್ಡ್ ಎಂಬ ಯುರೋಪಿನ ಮಾಂಸದ ತಳಿಯದು. ಇಂಥ ಗುರುತುಗಳನ್ನು ಓದುವ ಮೊದಲ ಡಿಎನ್‌ಎ ಚಿಪ್‌ಗಳಿಗೆ ಅವನ್ನು ಆಯ್ದದ್ದು ಬಹುಪಾಲು ಯುರೋಪಿನ ಹಸುಗಳಿಂದ. ಆ ಚಿಪ್ ಹಿಡಿದು ಗಿರ್, ಸಾಹಿವಾಲ್, ಓಂಗೋಲ್‌ಗಳಂಥ ಹಿಣಿಲಿರುವ ಹಸುಗಳನ್ನು ಓದಿದರೆ, ಅವುಗಳಲ್ಲಿ ಇರುವ ವೈವಿಧ್ಯ ಎಷ್ಟೋ ಕಡೆ ಕಣ್ಣಿಗೇ ಬೀಳುವುದಿಲ್ಲ. 2021ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆ ದೇಶಿ ತಳಿಗಳಿಗಾಗಿ ‘ಇಂಡಿಗೌ’ ಚಿಪ್ ತಂದದ್ದು, 2024ರಲ್ಲಿ ‘ಗೌ ಚಿಪ್’ ಮತ್ತು ಎಮ್ಮೆಗಳಿಗೆ ‘ಮಹಿಷ್ ಚಿಪ್’ ಬಂದದ್ದು ಈ ಕೊರತೆ ತುಂಬುವುದಕ್ಕಾಗಿ.

ನಮ್ಮ ಪ್ರಶ್ನೆಗೆ ನಾವೇ ಉತ್ತರ ಹುಡುಕಬೇಕು ಎಂಬ ಪಾಠವನ್ನು ಎಮ್ಮೆಯ ವಿಷಯದಲ್ಲಿ ನಾವು ಮೊದಲೇ ಕಲಿತಿದ್ದೆವು. ನಮ್ಮ ದೇಶದ ಹಾಲಿನಲ್ಲಿ ಅರ್ಧಕ್ಕೆ ತುಸು ಕಡಿಮೆ ಎಮ್ಮೆಯದು. ಆದರೆ ಯುರೋಪಿನ ಬಹುಭಾಗದಲ್ಲಾಗಲಿ ನ್ಯೂಜಿಲೆಂಡಿನಲ್ಲಾಗಲಿ ಎಮ್ಮೆ ಹಾಲಿನ ಬಗ್ಗೆ ಕೇಳುವವರು ವಿರಳವಾಗಿದ್ದರು. ಅದರಲ್ಲಿ ಜಿಡ್ಡು, ಕೇಸೀನ್, ಸುಣ್ಣದ ಅಂಶ ಎಲ್ಲವೂ ಹೆಚ್ಚು. ಅದನ್ನು ಪುಡಿ ಮಾಡಲಾಗದು ಎಂದೇ ಹೊರಗಿನ ತಜ್ಞರು ನಂಬಿದ್ದರು. ಗುಜರಾತಿನ ಆನಂದ್‌ನಲ್ಲಿ ಅಮುಲ್‌ನ ಹೈನು ತಂತ್ರಜ್ಞ ಎಚ್.ಎಂ. ದಲಾಯಾ ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಅಲ್ಲಿನ ಹಾಲಿನ ಪುಡಿ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ಮುಂದಿನ ಹೆಜ್ಜೆ ನಮ್ಮ ಮೈಸೂರಿನದು. ಎಮ್ಮೆ ಹಾಲು ಹಸುಗೂಸಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ಸುಲಭಕ್ಕೆ ಅರಗುವುದಿಲ್ಲ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಜಿಡ್ಡು ತಗ್ಗಿಸಿ, ಒಡೆದ ಹಾಲು ಮೆತ್ತಗಾಗುವಂತೆ ಮಾಡಿ, ಅದರಿಂದಲೇ ಮಗುವಿನ ಆಹಾರ ತಯಾರಿಸುವ ವಿಧಾನ ರೂಪಿಸಿದರು. ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ಪರದೇಶದ ಜರ್ನಲ್‌ಗಳಲ್ಲಿ ಉತ್ತರ ಹುಡುಕುತ್ತ ಕೂತಿದ್ದರೆ ಅದು ಇಂದಿಗೂ ಸಿಗುತ್ತಿರಲಿಲ್ಲ, ಏಕೆಂದರೆ ಪ್ರಶ್ನೆಯೇ ಅವರದಾಗಿರಲಿಲ್ಲ.

ಕರ್ನಾಟಕಕ್ಕೆ ಈ ವಿಜ್ಞಾನದಲ್ಲಿ ಹಳೆಯ ಪಾಲಿದೆ. ಇಂದು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 1923ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹೈನುಗಾರಿಕೆಯ ಪಾಠ ಹೇಳಿಸಿಕೊಂಡಿದ್ದರು. 1955ರಲ್ಲಿ ಮುಖ್ಯ ಕಚೇರಿ ಕರ್ನಾಲ್‌ಗೆ ಹೋಯಿತು, ಬೆಂಗಳೂರಿನ ಆಡುಗೋಡಿಯಲ್ಲಿ ದಕ್ಷಿಣದ ಕೇಂದ್ರ ಉಳಿಯಿತು. ಆಡುಗೋಡಿಯಲ್ಲೇ ಇರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ‘ಹರಿತ್ ಧಾರಾ’ ಎಂಬ ಮೇವಿನ ಪೂರಕ ತಯಾರಿಸಿದೆ. ತೇಗಿನ ಜೊತೆ ಹಸು ಹೊರಬಿಡುವ ಮೀಥೇನನ್ನು ಅದು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆ. ಜಗತ್ತಿನ ಹೈನು ಸಂಶೋಧನೆಯಲ್ಲಿ ಈಗ ಭರದಿಂದ ಬೆಳೆಯುತ್ತಿರುವ ಕವಲುಗಳಲ್ಲಿ ಮೀಥೇನ್ ಒಂದು. ಒಣಹುಲ್ಲು, ಕಡ್ಡಿ ತಿನ್ನುವ ನಮ್ಮ ದನಗಳ ಮೀಥೇನನ್ನು ನಾವೇ ಅಳೆಯದಿದ್ದರೆ, ಇನ್ನೊಂದು ದೇಶದ ಹಸುವಿನ ಅಂಕಿಯೇ ನಮ್ಮ ಹೆಸರಿನ ಮುಂದೆ ಬಂದು ಕೂರುತ್ತದೆ.

ಪ್ರಕಟಣೆಯ ಲೋಕವೂ ಬದಲಾಗಿದೆ. ‘ಜರ್ನಲ್ ಆಫ್ ಡೇರಿ ಸೈನ್ಸ್’ 2022ರಿಂದ ಓದುಗರಿಗೆ ಪೂರ್ತಿ ಉಚಿತ. ಆದರೆ ಅದರ ಖರ್ಚು ಈಗ ಬರೆಯುವವರ ತಲೆಯ ಮೇಲೆ ಬಿದ್ದಿದೆ. ಸಣ್ಣ ಕಾಲೇಜಿನ ಸಂಶೋಧಕನಿಗೆ ಓದುವ ಬಾಗಿಲು ತೆರೆಯಿತು, ಬರೆಯುವ ಬಾಗಿಲು ಕಿರಿದಾಯಿತು. ಭಾರತ ಸರ್ಕಾರ 2024ರಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುತ್ತದೆ. ಒಳ್ಳೆಯದೇ. ಆದರೂ 1948ರಿಂದ ನಡೆದುಬಂದಿರುವ ನಮ್ಮದೇ ‘ಇಂಡಿಯನ್ ಜರ್ನಲ್ ಆಫ್ ಡೇರಿ ಸೈನ್ಸ್’ ಬೆಳೆಯಲು ಬೇಕಾದದ್ದು ಚಂದಾ ಹಣವಲ್ಲ, ಒಳ್ಳೆಯ ಪ್ರಬಂಧಗಳು.

ಯಾರ ಹಣದಿಂದ ಸಂಶೋಧನೆ ನಡೆಯಿತು ಎಂದು ಕೇಳುವುದನ್ನೂ ಓದುಗರು ಕಲಿಯಬೇಕು. ಎ2 ಹಾಲನ್ನೇ ನೋಡಿ. ಎ1 ಹಾಲಿಗೂ ಇದಕ್ಕೂ ಇರುವುದು ಕೇಸೀನ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಅದರ ಬೆನ್ನಿಗೆ ದೊಡ್ಡ ವ್ಯಾಪಾರ. ಮನುಷ್ಯರ ಮೇಲೆ ನಡೆದ ಹಲವು ಪ್ರಯೋಗಗಳಿಗೆ ಹಣ ಕೊಟ್ಟದ್ದು ಆ ಹಾಲು ಮಾರುವವರೇ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಎಲ್ಲ ಪ್ರಬಂಧಗಳನ್ನು ಜಾಲಾಡಿ, ಎ1 ಹಾಲಿನಿಂದ ರೋಗ ಬರುತ್ತದೆ ಎನ್ನಲು ಆಧಾರ ಸಾಲದು ಎಂದಿತು. ನಾಟಿ ಹಸುವನ್ನು ಉಳಿಸಿಕೊಳ್ಳಲು ಬೇರೆ ನೂರು ಕಾರಣಗಳಿವೆ. ಅದರ ಹಾಲು ಎ2 ಎಂಬುದೊಂದನ್ನೇ ನೆಚ್ಚಿ ಕೂರಬೇಕಾಗಿಲ್ಲ.

ಕೊನೆಗೆ ಮಾತು ಲೆಕ್ಕಕ್ಕೇ ಬರುತ್ತದೆ. ನಮ್ಮ ಹಳ್ಳಿಯ ಡೇರಿಯಲ್ಲಿ ದಿನಕ್ಕೆ ಎರಡು ಹೊತ್ತು ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಎಲ್ಲವೂ ದಾಖಲಾಗುತ್ತವೆ. ಆದರೆ ಅವು ದಾಖಲಾಗುವುದು ಸದಸ್ಯನ ಹೆಸರಿನಲ್ಲಿ, ಹಸುವಿನ ಹೆಸರಿನಲ್ಲಲ್ಲ. ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಬಿದ್ದ ಮೇಲೆ ಯಾವುದು ಎಷ್ಟು ಕೊಟ್ಟಿತೆಂದು ಯಾವ ಚಿಪ್ಪೂ ಹೇಳಲಾರದು. ಕಿವಿಗೆ ಹಾಕಿದ 12 ಅಂಕಿಯ ಓಲೆ ಹೇಗೂ ಇದೆ. ಆ ಅಂಕಿಯ ಮುಂದೆ ಕರು ಹಾಕಿದ ದಿನ, ತಿಂಗಳಿಗೊಮ್ಮೆಯಾದರೂ ಅಳೆದ ಹಾಲು, ಕೆಚ್ಚಲು ಬಾವು ಬಂದದ್ದು, ಯಾವ ಹೋರಿಯಿಂದ ಗಬ್ಬವಾದದ್ದು ಎಂಬುದಿಷ್ಟನ್ನು ಬರೆದಿಡುವ ವ್ಯವಸ್ಥೆಯನ್ನು ಹಾಲು ಒಕ್ಕೂಟಗಳು ಮಾಡಲಿ. ಅದರಿಂದ ಹೊರಡುವ ಪ್ರತಿ ಪ್ರಬಂಧದ ಸಾರ ಒಂದು ಪುಟದಷ್ಟು ಕನ್ನಡದಲ್ಲಿ ಅದೇ ಡೇರಿಯ ಗೋಡೆಗೆ ಬರಲಿ. ಅಲ್ಲಿಯವರೆಗೆ, ಹಸು ಕಟ್ಟಿರುವ ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಒಂದೊಂದು ಹಸುವಿಗೂ ಒಂದೊಂದು ಪುಟ ಬಿಡಿ.