ಹಬ್ಬದ ಮಾಂಸ ಉಳಿದಿದೆಯೇ? ನೂಡಲ್ಸ್ ಸೂಪ್ ಮಾಡಿ

ಬಕ್ರೀದ್ ಹಬ್ಬ ಮುಗಿದು ಎರಡು ದಿನವಾಗುವಷ್ಟರಲ್ಲಿ ಬಿರಿಯಾನಿ, ಕುರ್ಮಾ, ಚಾಪ್ಸ್ ಎಲ್ಲವೂ ಸಾಕೆನಿಸಿ ಬಿಡುತ್ತದೆ. ಮಕ್ಕಳು ಮಾಂಸದ ಪಾತ್ರೆ ಕಂಡರೆ ಮುಖ ತಿರುಗಿಸುತ್ತಾರೆ. ಹಿರಿಯರಿಗೆ ಹೊಟ್ಟೆ ಭಾರ. ಹಬ್ಬದುದ್ದಕ್ಕೂ ಒಲೆಯ ಮುಂದೆ ನಿಂತ ಗೃಹಿಣಿಗೋ ಮತ್ತೆ ಮಸಾಲೆ ಅರೆಯುವ ಶಕ್ತಿ ಇರುವುದಿಲ್ಲ. ಫ್ರಿಜ್‌ನಲ್ಲಿ ಮಾತ್ರ ಮಾಂಸ ಇನ್ನೂ ಉಳಿದಿರುತ್ತದೆ. ಅದು ಅಲ್ಲಾಹನ ಹೆಸರಿನಲ್ಲಿ ಅರ್ಪಿಸಿದ ಕುರ್ಬಾನಿಯ ಮಾಂಸ. ಒಂದು ತುಂಡೂ ಕಸದ ಬುಟ್ಟಿಗೆ ಹೋಗಬಾರದು. ಅರ್ಧ ಗಂಟೆಯಲ್ಲಿ ಸಿದ್ಧವಾಗುವ ಈ ಸೂಪ್ ಅಂತಹ ದಿನಗಳಿಗೆ ಹೇಳಿ ಮಾಡಿಸಿದಂತಿದೆ.

ಬೇಕಾಗುವ ಸಾಮಗ್ರಿಗಳು (4 ಮಂದಿಗೆ)

ಬೇಯಿಸಿದ ಮಾಂಸದ ಸಣ್ಣ ತುಂಡುಗಳು - 1 ಕಪ್
ಮಾಂಸದಿಂದ ಬಿಡಿಸಿದ ಎಲುಬು - 5-6
ನೂಡಲ್ಸ್ - 2 ಸಣ್ಣ ಪೊಟ್ಟಣ (ಅಥವಾ 2 ಹಿಡಿ ಶಾವಿಗೆ)
ಕ್ಯಾರೆಟ್ - 1, ಬೀನ್ಸ್ - 6, ಹೆಚ್ಚಿದ ಎಲೆಕೋಸು - ಅರ್ಧ ಕಪ್
ಈರುಳ್ಳಿ - 1, ಬೆಳ್ಳುಳ್ಳಿ - 5 ಎಸಳು, ಶುಂಠಿ - 1 ಇಂಚು
ಚಕ್ಕೆ - 1 ತುಂಡು, ಲವಂಗ - 2
ಕಾಳುಮೆಣಸಿನ ಪುಡಿ - 1 ಟೀ ಚಮಚ
ಎಣ್ಣೆ - 2 ಟೀ ಚಮಚ
ನೀರು - 6 ಕಪ್
ಉಪ್ಪು, ಲಿಂಬೆ ರಸ, ಕೊತ್ತಂಬರಿ ಸೊಪ್ಪು - ರುಚಿಗೆ ತಕ್ಕಷ್ಟು

ಮಾಡುವ ವಿಧಾನ

ಎಲುಬು, ಚಕ್ಕೆ, ಲವಂಗ ಮತ್ತು ನೀರನ್ನು ಕುಕ್ಕರ್‌ಗೆ ಹಾಕಿ 4-5 ಸೀಟಿ ಬರಿಸಿ. ಅಷ್ಟರಲ್ಲಿ ತರಕಾರಿ ಹೆಚ್ಚಿಕೊಳ್ಳಿ. ಕುಕ್ಕರ್ ತಣಿದ ಮೇಲೆ ನೀರನ್ನು ಸೋಸಿ, ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆಯಿರಿ.

ಪಾತ್ರೆಯಲ್ಲಿ ಎಣ್ಣೆ ಬಿಸಿ ಮಾಡಿ ಜಜ್ಜಿದ ಶುಂಠಿ, ಬೆಳ್ಳುಳ್ಳಿ ಮತ್ತು ಈರುಳ್ಳಿಯನ್ನು ಬಾಡಿಸಿ. ತರಕಾರಿ ಹಾಕಿ ಎರಡು ನಿಮಿಷ ಹುರಿದು, ಸೋಸಿದ ನೀರು, ಮಾಂಸ ಮತ್ತು ಉಪ್ಪು ಸೇರಿಸಿ. ಐದು ನಿಮಿಷ ಚೆನ್ನಾಗಿ ಕುದಿಯಲಿ.

ನೂಡಲ್ಸನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಬಸಿದಿಡಿ. ಸೂಪಿನಲ್ಲೇ ಬೇಯಿಸಿದರೆ ಅದು ರಸವನ್ನೆಲ್ಲ ಹೀರಿ ಮುದ್ದೆಯಾಗುತ್ತದೆ. ಬಡಿಸುವಾಗ ಬಟ್ಟಲಿಗೆ ಮೊದಲು ನೂಡಲ್ಸ್ ಹಾಕಿ, ಮೇಲೆ ಬಿಸಿ ಸೂಪ್ ಸುರಿದು ಕಾಳುಮೆಣಸು, ಲಿಂಬೆ ರಸ, ಕೊತ್ತಂಬರಿ ಸೇರಿಸಿ. ಪೊಟ್ಟಣದೊಳಗಿನ ಮಸಾಲೆಯಲ್ಲಿ ಉಪ್ಪು ಹೆಚ್ಚು. ಈ ಸೂಪಿಗೆ ಅದರ ಅಗತ್ಯವಿಲ್ಲ.

ಉಳಿದಿರುವುದು ಸಾರಿನ ಮಾಂಸವಾದರೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತೆಗೆದು, ಎರಡು ಚಮಚ ಸಾರನ್ನೂ ಸೂಪಿಗೆ ಹಾಕಬಹುದು. ಆಗ ಕಾಳುಮೆಣಸು ಕಡಿಮೆ ಮಾಡಿ. ಊಟದ ತಟ್ಟೆಯಲ್ಲಿ ಉಳಿದ ಎಲುಬನ್ನು ಮಾತ್ರ ಬಳಸಬೇಡಿ.

ಜೋಪಾನ ಮಾಡುವಾಗ

2023ರಿಂದ 2025ರ ವರೆಗೆ ಬಕ್ರೀದ್ ಜೂನ್ ತಿಂಗಳಲ್ಲಿ ಬಂತು. ಕರಾವಳಿಯಲ್ಲಿ ಅದು ಮಳೆ ಶುರುವಾಗಿ ಆಗಾಗ ಕರೆಂಟ್ ಹೋಗುವ ಕಾಲ. ಆದ್ದರಿಂದ ಕೆಲವು ವಿಷಯಗಳು ನೆನಪಿರಲಿ.

* ಬೇಯಿಸಿದ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟದ್ದನ್ನು 3-4 ದಿನಗಳೊಳಗೆ ಮುಗಿಸಿ.
* ಹಸಿ ಮಾಂಸವನ್ನು ಒಂದು ಹೊತ್ತಿಗೆ ಬೇಕಾಗುವಷ್ಟು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ದೊಡ್ಡ ಗಡ್ಡೆಯಾಗಿ ಇಟ್ಟರೆ ಒಳಗಿನ ಮಾಂಸ ಬೇಗ ತಣಿಯುವುದಿಲ್ಲ.
* ಹೆಪ್ಪುಗಟ್ಟಿದ ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ.
* ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಉಳಿಸಿಕೊಳ್ಳುತ್ತದೆ.
* ವಾಸನೆ ಇಲ್ಲವೆಂದ ಮಾತ್ರಕ್ಕೆ ಮಾಂಸ ಕೆಟ್ಟಿಲ್ಲವೆಂದು ತಿಳಿಯಬೇಡಿ. ಗರ್ಭಿಣಿಯರು, ಎಳೆ ಮಕ್ಕಳು ಮತ್ತು ವೃದ್ಧರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಕೂಡಿಡುವ ಮೊದಲು

ಮದೀನಾಕ್ಕೆ ಬಡ ಜನರು ಬಂದಿದ್ದ ಒಂದು ವರ್ಷ, ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿಯವರು(ಸ) ತಡೆದಿದ್ದರು. ಆ ಕಷ್ಟ ಕಳೆದ ಮೇಲೆ ಕೂಡಿಡಲು ಅನುಮತಿ ಕೊಟ್ಟರು. ಕೂಡಿಡುವುದು ತಪ್ಪಲ್ಲ, ಆದರೆ ಹಸಿದವರು ನೆರೆಯಲ್ಲಿರುವಾಗ ಅವರ ಪಾಲು ಮೊದಲು. ಫ್ರೀಜರ್ ತುಂಬಿ ಬಾಗಿಲು ಮುಚ್ಚುತ್ತಿಲ್ಲವೆಂದಾದರೆ, ಹಂಚುವುದು ಇನ್ನೂ ಬಾಕಿ ಇದೆಯೇ ಎಂದು ಒಮ್ಮೆ ಯೋಚಿಸಿ. ಸೂಪ್ ಮಾಡುವ ದಿನ ಎರಡು ಬಟ್ಟಲು ಹೆಚ್ಚು ಮಾಡಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೋ ಜ್ವರದಿಂದ ಮಲಗಿರುವ ಮಗುವಿಗೋ ಬಿಸಿಬಿಸಿಯಾಗಿ ಒಂದು ಬಟ್ಟಲು ತಲುಪಲಿ.